ಸಿಕ್ಕಿದ್ದು ಒಂದು ನಿಮಿಷ

2003ರ ಮಾರ್ಚ್ 23. ಇರಾಕ್ ಯುದ್ಧದ ಮೊದಲ ದಿನಗಳು. ಬ್ರಿಟನ್ನಿನ ಟೊರ್ನಾಡೊ ವಿಮಾನವೊಂದು ಕೆಲಸ ಮುಗಿಸಿ ಕುವೈತ್‌ಗೆ ಮರಳುತ್ತಿತ್ತು. ಶತ್ರು ಕ್ಷಿಪಣಿ, ವಿಮಾನಗಳನ್ನು ಹೊಡೆದುರುಳಿಸುವ ಅಮೆರಿಕನ್ನರ ಪೇಟ್ರಿಯಟ್ ವ್ಯವಸ್ಥೆ ಅದನ್ನು ಶತ್ರು ಕ್ಷಿಪಣಿ ಅಂತ ಗುರುತಿಸಿತು. ಸಿಬ್ಬಂದಿಗೆ ತೀರ್ಮಾನಿಸಲು ಸಿಕ್ಕಿದ್ದು ಹೆಚ್ಚೆಂದರೆ ಒಂದು ನಿಮಿಷ. ಪರದೆಯನ್ನು ನಂಬಿ ಹೊಡೆದರು. ವಿಮಾನದಲ್ಲಿದ್ದ ಇಬ್ಬರೂ ಸತ್ತರು.

ಆ ವಿಮಾನದ ದಳದ ನೆಲೆ ಮಾರ್ಹಮ್. ಇಂಗ್ಲೆಂಡಿನಲ್ಲಿ ನಾನಿರುವ ನಾರ್ಫೋಕ್‌ನಲ್ಲೇ ಇದೆ. ಯುದ್ಧಕ್ಕೆ ಎಐ ಬಂತು ಅಂತ ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಇಬ್ಬರು ನೆನಪಾಗುತ್ತಾರೆ. ಪೇಟ್ರಿಯಟ್ ಆಗ ನಡೆಯುತ್ತಿದ್ದದ್ದು ಮೊದಲೇ ಬರೆದಿಟ್ಟ ನಿಯಮಗಳ ಮೇಲೆ, ನಿಜ. ಆದರೆ ತೊಡಕು ಇವತ್ತಿಗೂ ಅದೇ. ಗುಂಡಿ ಒತ್ತುವುದು ಮನುಷ್ಯನೇ ಅಂತ ಎಲ್ಲರೂ ಹೇಳುತ್ತಾರೆ. ಅನುಮಾನ ಪಡಲು ಅವನಿಗೆ ಹೊತ್ತೇ ಇಲ್ಲದಿದ್ದರೆ ಅವನು ಅಲ್ಲಿದ್ದು ಏನು ಮಾಡಿದ ಹಾಗಾಯಿತು?

ಉಪಗ್ರಹದ ಸಾವಿರಾರು ಚಿತ್ರ ಸೋಸಲು, ಎಂಜಿನ್ ಕೆಡುವ ಮುಂಚೆ ಎಚ್ಚರಿಸಲು ಎಐ ಖಂಡಿತ ಬೇಕು. ಅಲ್ಲಿ ತಪ್ಪಾದರೆ ಇನ್ನೊಮ್ಮೆ ನೋಡಬಹುದು, ಅಲ್ವಾ?

ಇಲ್ಲಿ ಬ್ರಿಟನ್ನಿನವರ ಒಂದು ರೀತಿ ನನಗೆ ತುಂಬಾ ಹಿಡಿಸಿತು. ಆ ಟೊರ್ನಾಡೊ ಘಟನೆಯ ತನಿಖಾ ವರದಿ ಮರುವರ್ಷವೇ ಹೊರಬಂತು. ಕ್ಷಿಪಣಿ ಅಂತ ಗುರುತಿಸುವ ನಿಯಮ ತೀರಾ ಸಡಿಲವಾಗಿತ್ತು, ವಿಮಾನದ ಗುರುತು ಹೇಳುವ ಸಾಧನ ಕೆಲಸ ಮಾಡುತ್ತಿರಲಿಲ್ಲ, ಸಿಬ್ಬಂದಿಯ ತರಬೇತಿ ಸಾಲದಾಗಿತ್ತು. ಎಲ್ಲವೂ ಅದರಲ್ಲಿದೆ. ನನ್ನಂಥ ಸಾಮಾನ್ಯನೂ ಓದಬಹುದು.

ನಮ್ಮಲ್ಲೂ 2019ರ ಫೆಬ್ರವರಿ 27ರಂದು ಕಾಶ್ಮೀರದ ಬಡ್‌ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ನಮ್ಮ ಎಂಐ-17 ಹೆಲಿಕಾಪ್ಟರನ್ನು ಉರುಳಿಸಿತು. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬರು ತೀರಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ವಾಯುಪಡೆ ಮುಖ್ಯಸ್ಥ ಭದೌರಿಯಾ ಅವರು ಇದು ದೊಡ್ಡ ತಪ್ಪು ಅಂತ ಒಪ್ಪಿಕೊಂಡರು. ಅವರ ಮೇಲೆ ಗೌರವ ಹೆಚ್ಚಾಯಿತು. ಪೂರ್ತಿ ವರದಿ ಮಾತ್ರ ಜನರ ಕೈಗೆ ಬರಲಿಲ್ಲ.

ಬೆಂಗಳೂರಿನಲ್ಲಿ ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಐ ಪ್ರಯೋಗಾಲಯ 1986ರಿಂದಲೂ ಇದೆ. 2022ರಲ್ಲಿ ರಕ್ಷಣಾ ಸಚಿವಾಲಯ ಒಂದೇ ಸಲಕ್ಕೆ 75 ಎಐ ಉತ್ಪನ್ನಗಳನ್ನು ಬಿಡುಗಡೆ ಮಾಡಿತು. ಹೆಮ್ಮೆಯಾಯಿತು. ಗುಟ್ಟಿನ ಭಾಗ ಗುಟ್ಟಾಗಿಯೇ ಇರಲಿ. ಮಂಜಿನಲ್ಲಿ, ಹಿಮದಲ್ಲಿ ಅವು ಎಷ್ಟು ಸಲ ತಪ್ಪಾಗಿ ನೋಡಿದವು, ಪರೀಕ್ಷಿಸಿದವರು ಯಾರು, ಎದುರು ಕೂತ ಸೈನಿಕನಿಗೆ "ಬೇಡ" ಅನ್ನಲು ಎಷ್ಟು ಸೆಕೆಂಡು ಸಿಗುತ್ತದೆ, ಇಷ್ಟನ್ನಾದರೂ ಸಂಸತ್ತಿಗೆ ಹೇಳಲಿ.