ಐರ್ಲೆಂಡಿನ ಖಾಲಿ ಸೈಟ್ ತೆರಿಗೆ: ಶೇ 7 ಎಲ್ಲರಿಗೂ ಅಲ್ಲ

‘ಐರ್ಲೆಂಡಿನಲ್ಲಿ ಸೈಟ್ ಖಾಲಿ ಬಿಟ್ಟವರೆಲ್ಲ ವರ್ಷಕ್ಕೆ ಶೇ 7 ತೆರಿಗೆ ಕಟ್ಟಬೇಕು’ ಎಂಬ ಸಂದೇಶ ಓಡಾಡುತ್ತಿದೆ. ಅರ್ಧ ನಿಜ, ಅದೂ ಹಳೆಯದು. ಮನೆಗಳ ಕೊರತೆ ನೀಗಲಿ ಎಂದು 2015ರ ಕಾಯ್ದೆ ಈ ತೆರಿಗೆ ತಂದಿತು. 2018ಕ್ಕೆ ಮಾರುಕಟ್ಟೆ ಬೆಲೆಯ ಶೇ 3, 2019ರಿಂದ ಶೇ 7. ಆದರೆ 500 ಚದರ ಮೀಟರ್‌ಗಿಂತ ದೊಡ್ಡದಾದ, ಸ್ಥಳೀಯ ಆಡಳಿತದ ಪಟ್ಟಿಗೆ ಸೇರಿದ ಜಾಗಕ್ಕೆ ಮಾತ್ರ. ಮನೆ ಪಕ್ಕದ ಸಣ್ಣ ತುಂಡಿಗೆ ಸುಮ್ನೆ ಗಾಬರಿ ಯಾಕೆ? ದರ ಜೋರಾಗಿತ್ತು, ವಸೂಲಾಗಿದ್ದು ಮಾತ್ರ ತೀರಾ ಕಡಿಮೆ. ಪಟ್ಟಿ ಮಾಡುವ ಕೆಲಸವೇ ಕುಂಟುತ್ತಿತ್ತು ಅಲ್ವಾ! ಈಗ ಅದರ ಜಾಗಕ್ಕೆ ಬೇರೆ ತೆರಿಗೆ ಬಂದಿದೆ. ವಸತಿಗೆಂದು ಗುರುತಿಸಿದ, ನೀರು, ರಸ್ತೆ ಸೌಲಭ್ಯವಿರುವ ಜಾಗಕ್ಕೆ ವರ್ಷಕ್ಕೆ ಶೇ 3. 2025ರಿಂದ ಕಂದಾಯ ಇಲಾಖೆಯೇ ಇದನ್ನು ವಸೂಲಿ ಮಾಡುತ್ತಿದೆ.