ಇಂಜೆಕ್ಷನ್ ಕೊಟ್ಟು ಸಾಯಿಸಲು ಸರ್ಕಾರ ಒಪ್ಪಿಲ್ಲ

"ಕರ್ನಾಟಕದಲ್ಲಿ ದಯಾಮರಣಕ್ಕೆ ಒಪ್ಪಿಗೆ. ಅರ್ಜಿ ಹಾಕಿದರೆ ಡಾಕ್ಟರ್ ಇಂಜೆಕ್ಷನ್ ಕೊಡುತ್ತಾರೆ." ರಾಯಚೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಈ ಮೆಸೇಜ್ ತಪ್ಪು.

ನಮ್ಮ ಓಣಿಯಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಯೊಬ್ಬರು ಇದನ್ನು ಕೇಳಿ, ನನ್ನ ಕೈ ಹಿಡಿದುಕೊಂಡು, "ನನಗೂ ಒಂದು ಅರ್ಜಿ ಬರೆದುಕೊಡಪ್ಪಾ" ಎಂದರು. ಕರುಳು ಚುರುಕ್ ಎಂದಿತು.

ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದ್ದು ನಿಜ. ಆದರೆ ಅದು ಹೊಸ ಕಾನೂನಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟು, 2023ರಲ್ಲಿ ಸರಳಗೊಳಿಸಿದ ತೀರ್ಪಿನ ಜಾರಿ ಅಷ್ಟೇ. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರ್‌ನಂಥ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಬಹುದು. ಅದೂ ಸುಮ್ನೆ ಅಲ್ಲ. ಮೂವರು ವೈದ್ಯರ ಮಂಡಳಿ ನೋಡಬೇಕು, ಮತ್ತೊಂದು ಮಂಡಳಿಯ ಇನ್ನೂ ಮೂವರು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು. ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರಿಗೂ ತಿಳಿಸಬೇಕು.

ವಿಷದ ಇಂಜೆಕ್ಷನ್ ಕೊಡುವುದು ಭಾರತದಲ್ಲಿ ಇವತ್ತಿಗೂ ಅಪರಾಧ. ರೋಗಿಯೇ ಬೇಡಿಕೊಂಡರೂ ಅಷ್ಟೇ.

ಮಾತು ನಿಲ್ಲುವ ಮೊದಲೇ "ನನಗೆ ಇಂಥ ಚಿಕಿತ್ಸೆ ಬೇಡ" ಎಂದು ವಯಸ್ಕರು ಯಾರಾದರೂ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ, ಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಇದನ್ನು ಜಾಸ್ತಿ ಜನ ತಿಳಿಯಬೇಕು ಅನ್ನೋದು ನನ್ನ ಆಸೆ.

ಚಿಕಿತ್ಸೆ ನಿಲ್ಲಿಸಿದರೂ ನೋವು ಕಡಿಮೆ ಮಾಡುವ ಆರೈಕೆ ನಿಲ್ಲಿಸುವಂತಿಲ್ಲ. ಅಜ್ಜಿಗೆ ಬೇಕಿದ್ದದ್ದು ಅದೇ. ಬೆನ್ನು ಹುಣ್ಣಾಗಿ ರಾತ್ರಿ ನಿದ್ದೆ ಇರಲಿಲ್ಲ, ಪಾಪ. ಮೆಸೇಜ್ ಕಳಿಸಿದವರು ದಯವಿಟ್ಟು ಅಳಿಸಿಬಿಡಿ.