ಮುಂಬಯಿಯ ಕನ್ನಡ ಪತ್ರಿಕೆಗೆ ವಿವಿ ಅಥ್ಲೆಟಿಕ್ಸ್‌ಗೆಂದೇ ಒಬ್ಬ ವರದಿಗಾರ ಬೇಕೇ?

ಪರ: ಓಟ ನೋಡದವರು ಓಟದ ಬಗ್ಗೆ ಬರೆಯಬಾರದು
(ಹವ್ಯಾಸಿ ಕ್ರೀಡಾ ವರದಿಗಾರ, ಡೊಂಬಿವಲಿ)

ಇಲ್ಲಿನ ಕನ್ನಡ ಪತ್ರಿಕೆ ಬಿಡಿಸಿದರೆ ಸಂಘದ ವಾರ್ಷಿಕೋತ್ಸವ, ಯಕ್ಷಗಾನ, ಶಾಲು ಹೊದಿಸಿದ ಫೋಟೊ ಎಲ್ಲ ಸಿಗುತ್ತದೆ. ಬೇಡ ಅನ್ನುವುದಿಲ್ಲ, ಅದೂ ನಮ್ಮ ಬದುಕೇ. ಆದರೆ ಅದೇ ಸಂಘದವರ ಮಗಳು ಮುಂಬಯಿ ವಿವಿ ಜೆರ್ಸಿ ತೊಟ್ಟು ಓಡಿದರೆ ಎರಡೇ ಸಾಲು. ಅದೂ ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದು. ಹೆಸರು, ಕಾಲೇಜು, ಪದಕ, ಮುಗಿಯಿತು.

ಓಟ ನೋಡದವರು ಓಟದ ಬಗ್ಗೆ ಬರೆಯಬಾರದು. 400 ಮೀಟರನ್ನೇ ತೆಗೆದುಕೊಳ್ಳಿ. ಒಬ್ಬೊಬ್ಬರಿಗೆ ಓಡಲು ಒಂದೊಂದು ಪಟ್ಟಿ, ಅದೇ ಲೇನು. ಹೊರಗಿನ ಲೇನಿನ ಸುತ್ತು ದೊಡ್ಡದು. ಹಾಗಾಗಿ ಎಂಟನೇ ಲೇನಿನವಳು ಒಂದನೇ ಲೇನಿನವಳಿಗಿಂತ ಸುಮಾರು 53 ಮೀಟರ್ ಮುಂದೆ ನಿಂತು ಶುರು ಮಾಡುತ್ತಾಳೆ. ಗೊತ್ತಿಲ್ಲದವರು ‘ಮೊದಲಿಂದಲೂ ಅವಳೇ ಮುಂದೆ ಇದ್ದಳು’ ಅಂತ ಬರೆದುಬಿಡುತ್ತಾರೆ. 100 ಮೀಟರಿನಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ಆ ಟೈಮಿಂಗ್ ದಾಖಲೆಗೆ ಸೇರುವುದಿಲ್ಲ. ಪ್ರಿಯದರ್ಶಿನಿ ಪಾರ್ಕ್‌ನ ಟ್ರ್ಯಾಕ್ ಸಮುದ್ರದ ಪಕ್ಕದಲ್ಲೇ ಇದೆ. ಅಲ್ಲಿ ಗಾಳಿ ಎಷ್ಟಿತ್ತು ಅಂತ ಕೇಳದೆ ಟೈಮಿಂಗ್ ಬರೆದು ಏನು ಪ್ರಯೋಜನ? ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ತೆಗೆದ ಟೈಮಿಂಗ್ ಬೇರೆ, ಎಲೆಕ್ಟ್ರಾನಿಕ್ ಬೇರೆ. 100 ಮೀಟರಿಗೆ 0.24 ಸೆಕೆಂಡ್ ವ್ಯತ್ಯಾಸ ಹಿಡಿಯುವುದು ವಾಡಿಕೆ. ಅಷ್ಟರಲ್ಲಿ ಚಿನ್ನದವಳು ಐದನೆಯವಳಾಗಬಹುದು.

ಒಂದು ಅಂತರ ಕಾಲೇಜು ಕೂಟದ ಫೈನಲ್ ನನಗೆ ಚೆನ್ನಾಗಿ ನೆನಪಿದೆ. ಉಡುಪಿ ಕಡೆಯವರ ಹುಡುಗಿ, ಅಪ್ಪನದು ಕ್ಯಾಂಟೀನ್. ಅವಳ ಕಾಲಲ್ಲಿ ಇದ್ದದ್ದು ಗೆಳತಿಯ ಸ್ಪೈಕ್ಸ್, ಅಂದರೆ ಅಡಿಯಲ್ಲಿ ಮೊಳೆಯಿರುವ ಓಟದ ಶೂ. ಅದಕ್ಕೂ ಮುಂಚಿನ ಓಟ ಮುಗಿಸಿದ ಗೆಳತಿ ಹುಲ್ಲಿನ ಮೇಲೆ ಕೂತು ಬಿಚ್ಚಿಕೊಟ್ಟಳು. ಒಂದು ಸೈಜ್ ದೊಡ್ಡದು. ಇವಳು ಪೇಪರ್ ಮಡಚಿ ಬೆರಳಿನ ಕಡೆ ತುರುಕಿ, ಲೇಸನ್ನು ಎರಡು ಸುತ್ತು ಬಿಗಿದು ನಿಂತಳು. ಒಂದನೇ ಲೇನು, ಅಂದರೆ ಎಲ್ಲಕ್ಕಿಂತ ಬಿಗಿಯಾದ ತಿರುವು. ಕೊನೆಯ ನೇರದಲ್ಲಿ ಇಬ್ಬರನ್ನು ಹಿಂದೆ ಹಾಕಿ ನಾಲ್ಕನೆಯವಳಾಗಿ ಗೆರೆ ದಾಟಿದಳು. ಸಂಜೆ ಬಂದ ಮೆಸೇಜಿನಲ್ಲಿ ಮೊದಲ ಮೂವರ ಹೆಸರಷ್ಟೇ ಇತ್ತು. ನಾನು ಅಲ್ಲಿ ಇಲ್ಲದಿದ್ದರೆ ಆ ಓಟ ನಡೆದೇ ಇಲ್ಲ ಅನ್ನುವಂತೆ ಆಗುತ್ತಿತ್ತು. ಬರೆದೆ, ಅಚ್ಚಾಯಿತು. ಮಾರನೇ ವಾರ ಊರಿನವರೊಬ್ಬರು ಅವಳಿಗೆ ಹೊಸ ಸ್ಪೈಕ್ಸ್ ಕೊಡಿಸಿದರು.

ವಿವಿ ಕೂಟ ಅಂದರೆ ಸಣ್ಣದು ಅನ್ನುವವರಿದ್ದಾರೆ. ಒಡಿಶಾದ ಓಟಗಾರ್ತಿ ದ್ಯುತಿ ಚಂದ್ 2019ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ 11.32 ಸೆಕೆಂಡಿನಲ್ಲಿ 100 ಮೀಟರ್ ಗೆದ್ದದ್ದು ವಿಶ್ವ ವಿವಿ ಕ್ರೀಡಾಕೂಟದಲ್ಲಿ. 2020ರಲ್ಲಿ ಭುವನೇಶ್ವರದಲ್ಲಿ ಮೊದಲ ಖೇಲೋ ಇಂಡಿಯಾ ವಿವಿ ಕೂಟ ನಡೆದಾಗಲೂ ಅವರು ತಮ್ಮ ವಿವಿ ಪರವಾಗಿ ಓಡಿ ಗೆದ್ದರು. ಅದೇ ವರ್ಷ ಜನವರಿಯಲ್ಲಿ ನಮ್ಮ ಮೂಡುಬಿದಿರೆಯಲ್ಲೇ ಅಖಿಲ ಭಾರತ ಅಂತರ ವಿವಿ ಅಥ್ಲೆಟಿಕ್ಸ್ ನಡೆಯಿತು, ಮಂಗಳೂರು ವಿವಿ ಸಮಗ್ರ ಪ್ರಶಸ್ತಿ ಗೆದ್ದಿತು. ಮುಂಬಯಿಯ ಎಷ್ಟೋ ಮನೆಗಳ ಬೇರು ಆ ಊರುಗಳಲ್ಲಿದೆ. ಈ ಸುದ್ದಿ ಅವರಿಗೆ ದೂರದ್ದು ಅಂತ ಹೇಗೆ ಹೇಳುತ್ತೀರಿ?

ಖರ್ಚು ಅನ್ನುತ್ತಾರೆ. ಐಪಿಎಲ್‌ಗೆ ಇಡೀ ಪುಟ ಬಿಡುವಾಗ ಆ ಲೆಕ್ಕ ಯಾರೂ ತೆಗೆಯುವುದಿಲ್ಲ. ಸುಮ್ನೆ ಕೂತಲ್ಲೇ ಮೆಸೇಜ್ ಕಾಪಿ ಮಾಡುವುದು ಸುಲಭ, ಅದಕ್ಕೇ ಖರ್ಚಿನ ಮಾತು. ಒಬ್ಬರನ್ನು ನೇಮಿಸಿ. ಲೋಕಲ್ ಪಾಸು ಕೊಡಿ, ವಾರಕ್ಕೊಂದು ಅರ್ಧ ಪುಟ ಕೊಡಿ.

ವಿರೋಧ: ಈ ಮಕ್ಕಳನ್ನು ಸ್ವಲ್ಪ ಬಿಟ್ಟುಬಿಡಿ
(ಪತ್ರಿಕೆಯೊಂದರ ಉಪಸಂಪಾದಕಿ, ಮುಲುಂಡ್)

ವಿರೋಧ ಬರೆಯಬೇಕು ಅಂತ ಕೇಳಿದರು, ಒಪ್ಪಿಕೊಂಡೆ. ಪೂರ್ತಿ ವಿರೋಧ ನನಗಿಲ್ಲ. ಆದರೂ ಹೇಳಬೇಕಾದದ್ದು ಇದೆ.

ಮೊದಲು ಪತ್ರಿಕೆಯ ಕಷ್ಟ. ಮುಂಬಯಿಯಲ್ಲಿ ಕನ್ನಡ ಪತ್ರಿಕೆ ಓದುವವರಲ್ಲಿ ವಯಸ್ಸಾದವರೇ ಜಾಸ್ತಿ. ಟ್ರ್ಯಾಕಿನಲ್ಲಿ ಓಡುವ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ತಮ್ಮ ಬಗ್ಗೆ ಬಂದದ್ದನ್ನು ಅಜ್ಜಿಯಿಂದ ಓದಿಸಿಕೊಳ್ಳಬೇಕು. ಕೂಟಗಳೂ ವರ್ಷವಿಡೀ ನಡೆಯುವುದಿಲ್ಲ. ಮಳೆಗಾಲದಲ್ಲಿ, ಪರೀಕ್ಷೆಯ ತಿಂಗಳುಗಳಲ್ಲಿ ಆ ವರದಿಗಾರ ಏನು ಬರೆಯಬೇಕು? ಗಾಳಿ, ಲೇನು, ಸೆಕೆಂಡಿನ ಲೆಕ್ಕ ಇಷ್ಟವಾಗುವವರು ಇರಬಹುದು. ನಮ್ಮ ಓದುಗರು ಕೇಳುವುದು ಯಾರ ಮಗಳು, ಯಾವ ಊರು ಅಂತ. ಅಷ್ಟಕ್ಕೆ ಮೆಸೇಜ್ ಸಾಕು.

ಆದರೆ ನಾನು ಬೇಡ ಅನ್ನುವುದಕ್ಕೆ ನಿಜವಾದ ಕಾರಣ ನನ್ನ ತಂಗಿಯ ಮಗಳು. ಟ್ರಿಪಲ್ ಜಂಪ್ ಮಾಡುತ್ತಿದ್ದಳು, ಓಡಿ ಬಂದು ಒಂದರ ಹಿಂದೊಂದು ಮೂರು ನೆಗೆತ. ಕಾಲೇಜಿನ ಎರಡನೇ ವರ್ಷ ಒಂದು ಪತ್ರಿಕೆಯಲ್ಲಿ ಅವಳ ದೊಡ್ಡ ಫೋಟೊ ಬಂತು, ಜೊತೆಗೆ ‘ನಾಳಿನ ತಾರೆ’ ಅನ್ನುವ ಶೀರ್ಷಿಕೆ. ಮನೆಯವರಿಗೆಲ್ಲ ಖುಷಿಯೋ ಖುಷಿ. ಆಮೇಲೆ ಮದುವೆಗೆ ಹೋದರೂ, ಪೂಜೆಗೆ ಹೋದರೂ ಒಂದೇ ಪ್ರಶ್ನೆ: ಮುಂದಿನ ಮೆಡಲ್ ಯಾವಾಗ? ಆ ಹೊತ್ತಿಗೆ ಅವಳ ಮೊಣಕಾಲ ಕೆಳಗಿನ ಮೂಳೆಯಲ್ಲಿ ನೋವು ಶುರುವಾಗಿತ್ತು. ಯಾರಿಗೂ ಹೇಳಲಿಲ್ಲ. ಕ್ರೇಪ್ ಬ್ಯಾಂಡೇಜ್ ಸುತ್ತಿ ಮೇಲೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಳ್ಳುತ್ತಿದ್ದಳು. ಟ್ರಿಪಲ್ ಜಂಪ್‌ನಲ್ಲಿ ಮೊದಲ ನೆಗೆತ ಹಾರಿದ ಕಾಲಿನ ಮೇಲೇ, ಎರಡನೆಯದು ಇನ್ನೊಂದು ಕಾಲಿನ ಮೇಲೆ ಬೀಳುತ್ತದೆ, ಪ್ರತಿ ಸಲವೂ ಒಂಟಿ ಕಾಲಿಗೆ ಮೈಯ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೊಡೆತ. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಮೂಳೆಯಲ್ಲಿ ಸಣ್ಣ ಬಿರುಕು. ‘ದೊಡ್ಡಮ್ಮಾ, ಪೇಪರಿನಲ್ಲಿ ಬಂದಿದೆಯಲ್ಲ, ಹೇಗೆ ನಿಲ್ಲಿಸಲಿ?’ ಅಂದಳು. ಈಗ ಅವಳು ಜಂಪ್ ಮಾಡುವುದಿಲ್ಲ. ಥಾಣೆಯಲ್ಲಿ ಬ್ಯಾಂಕ್ ಕೆಲಸಕ್ಕೆ ಹೋಗುತ್ತಾಳೆ. ಮನೆಯಲ್ಲಿ ಆ ಪೇಪರ್ ಕಟಿಂಗ್ ಯಾರೂ ತೆಗೆಯುವುದಿಲ್ಲ.

ವರದಿಗಾರನನ್ನು ಇಟ್ಟರೆ ವಾರ ವಾರ ಪುಟ ತುಂಬಬೇಕು. ಪುಟ ತುಂಬಬೇಕಾದರೆ ವಾರಕ್ಕೊಬ್ಬ ತಾರೆ ಬೇಕು. ಹದಿನೆಂಟು, ಹತ್ತೊಂಬತ್ತರ ಮಕ್ಕಳು ಅವರು. ನಾಲ್ಕನೇ ಸ್ಥಾನ ಬಂದ ಹುಡುಗಿಗೆ ತನ್ನ ಪಾಡಿಗೆ ತಾನು ಇನ್ನೊಂದು ವರ್ಷ ಓಡಲು ಬಿಟ್ಟರೆ ಒಳ್ಳೆಯದಲ್ವಾ?

ವಿವಿಯ ದೊಡ್ಡ ಕೂಟ ಇರುವಾಗ ಅಥ್ಲೆಟಿಕ್ಸ್ ಬಲ್ಲ ಒಬ್ಬರನ್ನು ಕಳಿಸಿ, ಅವರ ದಿನದ ಭತ್ಯೆ ಕೊಡಿ. ಅದಕ್ಕೆ ನನ್ನ ತಕರಾರಿಲ್ಲ. ಖಾಯಂ ವರದಿಗಾರ ಮಾತ್ರ ಬೇಡ.